ಅಡಿಬರಹವಿಲ್ಲದ ಪ್ರತಿ

ಮಾನ್ಯ ಗ್ರಂಥಪಾಲಕರೇ,

ಭಾನುವಾರ ನಿಮ್ಮ ಸಭಾಂಗಣದಲ್ಲಿ ತೋರಿಸಿದ ಹಳೆಯ ಹಾಲಿವುಡ್ ಚಿತ್ರದ ವರದಿ ಬರೆದುಕೊಡಲು ಕೇಳಿದ್ದೀರಿ. ಕುರ್ಚಿಗಳೆಲ್ಲ ಭರ್ತಿಯಾಗಿದ್ದವು, ಚಿತ್ರದ ನಂತರದ ಚರ್ಚೆ ಮಾತ್ರ ಬರ್ಖಾಸ್ತಾಯಿತು.

ವರ್ಷಕ್ಕೊಮ್ಮೆ ಈ ಚಿತ್ರ ಬಂದಾಗ ಅಪ್ಪ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಅವರು ತೀರಿಕೊಂಡದ್ದರಿಂದ ಈ ಸಲ ನೀವು ಕನ್ನಡ ಅಡಿಬರಹದ ಪ್ರತಿ ತರಿಸಿದಿರಿ. ಕೊನೆಯಲ್ಲಿ ನಾಯಕಿ ಬಂದರಿನಲ್ಲಿ ಕಾಯುತ್ತಿರುವಾಗ, ‘ನಿನ್ನ ಗಂಡ ಮುಳುಗಿ ಸತ್ತ’ ಎಂದು ಪರದೆಯ ಕೆಳಗೆ ಅಕ್ಷರ ಮೂಡಿತು. ಮೂರನೇ ಸಾಲಿನಿಂದ ಅಮ್ಮ ಎದ್ದಳು.

“ಸುಳ್ಳು! ಮುಂದಿನ ಹಡಗಿಗೆ ಬರ್ತಾನೆ. ನಮ್ಮನೆಯೋರು ಪ್ರತಿ ಸಲ ಹೇಳಿಲ್ವಾ?”

ಅಪ್ಪ ಇಪ್ಪತ್ತು ವರ್ಷ ನಾಯಕಿಯ ಗಂಡನನ್ನು ಬದುಕಿಸಿಟ್ಟಿದ್ದರು. ಯಾರೂ ನಗಲಿಲ್ಲ. ಎಲ್ಲರೂ ಪರದೆಯ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದರು; ನಾನೂ ನೋಡಿದೆ. ಅಂದಿನಿಂದ ಅಮ್ಮ ರಾತ್ರಿಯೂ ಬಾಗಿಲಿಗೆ ಚಿಲಕ ಹಾಕುತ್ತಿಲ್ಲ.

ದಯವಿಟ್ಟು ಮುಂದಿನ ತಿಂಗಳು ಇದೇ ಚಿತ್ರವನ್ನು ಅಡಿಬರಹವಿಲ್ಲದೆ ಹಾಕಿ. ಅರ್ಥ ನಾನು ಹೇಳುತ್ತೇನೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಪ್ಪನದೂ ಅಷ್ಟೆ.

ಮೂರನೇ ಸಾಲಿನಲ್ಲಿ ಎರಡು ಕುರ್ಚಿ ಕಾಯ್ದಿರಿಸಿ. ನಾನು ಪರದೆಯ ಪಕ್ಕ ನಿಂತಿರುತ್ತೇನಲ್ಲ, ಒಂದು ಸಾಲದೇ ಎಂದು ಅಮ್ಮನನ್ನು ಕೇಳಿದೆ.

“ನಿಂತೂ ನಿಂತೂ ಅವರ ಕಾಲು ಸೋತಿದೆ ಕಣೋ,” ಎಂದಳು. “ಈ ಸಲ ನೀನು ಹೇಳು, ಅವರು ಕೂತು ನೋಡ್ಲಿ.”

ಇತಿ,
ಅರ್ಥ ಹೇಳುತ್ತಿದ್ದವರ ಮಗ