ದಾರಿ ಕೇಳುವ ನಲವತ್ತು ವಾಕ್ಯ

ತಾರೀಕು ೧೪, ಮಂಗಳವಾರ
ಬಾಡಿಗೆ ಕೋಣೆಯಿಂದ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನೀನು, ನಿನ್ನ ಯಜಮಾನರು, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಒಂಬತ್ತು ದಿನ ಒಂದಕ್ಷರ ಬರೆಯದೆ ಕೂತೆ, ಬಯ್ಯಬೇಡ. ಫೋನಿನಲ್ಲಿ 'ಎಲ್ಲ ಸರಿಯಾಗಿದೆ' ಎಂದು ಸುಳ್ಳು ಹೇಳುವುದು ಸುಲಭ. ಕಾಗದ ಎದುರಿಗಿಟ್ಟುಕೊಂಡರೆ ಕೈ ಸುಳ್ಳು ಬರೆಯುವುದಿಲ್ಲ. ಅದಕ್ಕೇ ಇಷ್ಟು ದಿನ ಹಿಡಿಯಿತು.

ಮೊದಲು ಸುದ್ದಿ. ನಿನ್ನ ಅಣ್ಣನ ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಆಮೇಲೆ ಮಾತಿರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಲ್ಲ, ಹಾಗೇ ಆಗಿದೆ. ಇಪ್ಪತ್ತೆಂಟು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಊರುಗಳ ಹೆಸರು ಕೂಗಿದ ಕಂಡಕ್ಟರು ಈಗ ಸ್ಲೇಟು ಹಿಡಿದು ಕೂತಿದ್ದಾನೆ. ಮೂಗಿನ ನಳಿಕೆಯಲ್ಲಿ ಹಾಲು ಬಿಡುತ್ತಾರೆ. ಅದಕ್ಕೆ 'ಹಿಂದಿನ ಬಾಗಿಲಿಂದ ಹತ್ತಿಸ್ತಿದಾರೆ' ಎಂದು ಬರೆದು ತೋರಿಸಿದ. ನಗು ಬಂತು. ನಕ್ಕ ತಕ್ಷಣ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಆ ಹೇಸಿಗೆಯ ವಿಷಯ ಬರೆಯಲೆಂದೇ ಕೂತಿದ್ದೇನೆ. ಇದನ್ನು ಪುಟ್ಟಿಗೆ ಓದಿ ಹೇಳಬೇಡ. ಅವಳದೇನೂ ತಪ್ಪಿಲ್ಲ.

ನಾನು ಹೊರಡುವ ಮೊದಲು ಅವಳು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಟ್ಟಳಲ್ಲ, ನಮ್ಮ ಭಾಷೆ ನಡೆಯದ ಈ ಪಟ್ಟಣದಲ್ಲಿ ಓಡಾಡುವುದಕ್ಕೆ ನಲವತ್ತು ಇಂಗ್ಲಿಷ್ ವಾಕ್ಯ. 'ಎಕ್ಸ್‌ಕ್ಯೂಸ್ ಮಿ ಸರ್, ಹೌ ಡು ಐ ಗೆಟ್ ಟು ದ ಹಾಸ್ಪಿಟಲ್?' 'ಈಸ್ ಇಟ್ ವಾಕಿಂಗ್ ಡಿಸ್ಟೆನ್ಸ್?' 'ಥ್ಯಾಂಕ್ಯೂ ಸೋ ಮಚ್, ಹ್ಯಾವ್ ಎ ನೈಸ್ ಡೇ.' ನಾನು ಹೊಲಿಗೆ ಮೆಷಿನ್ ತುಳಿಯುತ್ತಾ ಗಟ್ಟಿ ಮಾಡಿದೆ. ನೀನು ಬೀದಿಯಲ್ಲಿ ಹೋಗುವ ಸಾಹೇಬನಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತೆ. "ದೊಡ್ಡಮ್ಮ, ನೀವು ಬಾಯಿ ಬಿಟ್ರೆ ಯಾರೂ ಹಳ್ಳಿಯವರು ಅನ್ನಲ್ಲ" ಎಂದಳು ಪುಟ್ಟಿ. ಆ ಮಾತು ತಲೆಗೇರಿತು ನೋಡು.

ಕೇಳುವುದು ಕಲಿತೆ. ಯಾರಾದರೂ ಉತ್ತರ ಕೊಟ್ಟರೆ ಏನು ಗತಿ ಎಂದು ನಾವು ಮೂವರೂ ಯೋಚಿಸಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಅವನ ಮಂಚದ ಪಕ್ಕ ಕೂತಿದ್ದೆ. ದನಿ ಒಡೆದ ಮಡಕೆಯಂತಾಗಿದ್ದರೂ ತುಂಟತನ ಹೋಗಿರಲಿಲ್ಲ.

"ಅಕ್ಕ, ಇಂಗ್ಲಿಷಲ್ಲಿ ಬಯ್ಯೋದು ಕಲಿತಿಯಾ?"

"ಅದು ಪಟ್ಟಿಯಲ್ಲಿಲ್ಲ ಕಣೋ."

"ಮತ್ತೇನು ಕಲಿತೆ, ಮಣ್ಣು?" ಎಂದು ನಕ್ಕ. ಕೆಮ್ಮು ನಿಂತ ಮೇಲೆ ನನ್ನ ಸೆರಗು ಹಿಡಿದುಕೊಂಡು, "ನಾಳೆ ಬೇಗ ಬಾ. ಒಂದು ಮಾತಿದೆ" ಎಂದ.

"ಈಗಲೇ ಹೇಳು."

"ಈಗ ಹೇಳಿದ್ರೆ ರಾತ್ರಿಯೆಲ್ಲ ಅಳ್ತಾ ಕೂರ್ತೀಯ. ಬೆಳಿಗ್ಗೆ ಹೇಳ್ತೀನಿ. ತಪ್ಪಿಸಬೇಡ, ಇದು ಲಾಸ್ಟ್ ಬಸ್ಸು."

ನರ್ಸಮ್ಮನಿಗೆ ನಮ್ಮ ಭಾಷೆ ಬಾರದು. ಏಳು ಬೆರಳು ತೋರಿಸಿದಳು, ಅಂದರೆ ನಾನು ಏಳಕ್ಕೆ ಬರಬೇಕು. ರಾತ್ರಿ ಆ ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ಇರಗೊಡುವುದಿಲ್ಲ.

ಬೆಳಿಗ್ಗೆ ಆರೂವರೆಗೇ ಹೊರಟೆ. ಕೋಣೆಯಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ನಡಿಗೆ, ನನಗೆ ಗೊತ್ತಿದ್ದದ್ದು ಒಂದೇ ರಸ್ತೆ. ಅವತ್ತು ಪೈಪು ಹಾಕಲು ಆ ರಸ್ತೆಯನ್ನು ಅಗೆದು ಅಡ್ಡಕ್ಕೆ ಹಗ್ಗ ಕಟ್ಟಿದ್ದರು. ಪಕ್ಕದ ಗಲ್ಲಿಗೆ ತಿರುಗಿದೆ. ಅಲ್ಲಿಂದ ಇನ್ನೊಂದಕ್ಕೆ. ಕೊನೆಗೆ ನಾಲ್ಕು ರಸ್ತೆ ಕೂಡುವ ಕಡೆ ಬಂದು ನಿಂತೆ.

ನಾಯಿ ಹಿಡಿದುಕೊಂಡು ಒಬ್ಬ ಬಂದ. ಇಸ್ತ್ರಿ ಅಂಗಿ. ಕೇಳಿದೆ, ಒಂದಕ್ಷರ ತಪ್ಪದೆ. ಅವನು ಹುರಿಗಡಲೆ ಸುರಿದ ಹಾಗೆ ಉತ್ತರ ಸುರಿದ, ಕೈಯನ್ನು ಆ ಕಡೆ ಈ ಕಡೆ ಆಡಿಸಿದ. ನನಗೆ ಅರ್ಥವಾದದ್ದು ಸೊನ್ನೆ. ಅರ್ಥವಾಗಲಿಲ್ಲ ಎಂದು ತಲೆಯಾಡಿಸಬಹುದಿತ್ತು. ನಾನು ಹಲ್ಲು ಬಿಟ್ಟು, 'ಥ್ಯಾಂಕ್ಯೂ ಸೋ ಮಚ್, ಹ್ಯಾವ್ ಎ ನೈಸ್ ಡೇ' ಎಂದೆ. "ವೆರಿ ಗುಡ್ ಇಂಗ್ಲಿಷ್" ಎಂದ. ಥೂ, ಆ ಹೊಗಳಿಕೆಗೆ ಎದೆ ಉಬ್ಬಿತು ಕಣೇ. ಅವನ ಕೈ ಕೊನೆಗೆ ಎತ್ತ ಆಡಿತೋ ಅತ್ತ ನಡೆದೆ.

ಆಮೇಲೆ ಒಬ್ಬ ಹೆಂಗಸು, ಆಮೇಲೆ ಒಬ್ಬ ಮುದುಕ. ಮತ್ತೆ ಅದೇ ಪಾಠ, ಅದೇ ಹಲ್ಲು. ಅಂಗಡಿಯೊಂದರ ಗಡಿಯಾರದಲ್ಲಿ ಏಳೂಕಾಲು. ಒಂದು ಉದ್ದದ ಬಿಳಿ ಗೋಡೆಯ ಪಕ್ಕ ಹಣ್ಣಿನ ತಳ್ಳುಗಾಡಿಯವಳೊಬ್ಬಳು ನಿಂತಿದ್ದಳು. ಅವಳ ಮುಂದೆ ಎರಡು ಸಲ ಹಾದುಹೋದೆ, ಕೇಳಲಿಲ್ಲ. ಹಣ್ಣಿನವಳ ಹತ್ತಿರ ಇಂಗ್ಲಿಷ್ ಯಾಕೆ ಹಾಳು ಮಾಡಲಿ ಎಂದುಕೊಂಡೆನಲ್ಲ, ಇದಕ್ಕಿಂತ ಹೊಲಸು ಬುದ್ಧಿ ಇದೆಯೇ?

ಮೂರನೆಯ ಸಲ ಅವಳೇ ಚಪ್ಪಾಳೆ ತಟ್ಟಿ ಕರೆದಳು. ನನ್ನ ಚೀಲದಿಂದ ಅರ್ಧ ಇಣುಕುತ್ತಿದ್ದ ಆಸ್ಪತ್ರೆಯ ಚೀಟಿಯನ್ನು ಬೆರಳು ಮಾಡಿ ತೋರಿಸಿದಳು. ದೊಡ್ಡ ಅಕ್ಷರದಲ್ಲಿ ಹೆಸರು, ಮೇಲೆ ಕೆಂಪು ಗುರುತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ ನಾನು. ಅವಳು ಗಾಡಿಯನ್ನು ಹಾಗೇ ಬಿಟ್ಟು, ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಮೂರೇ ನಿಮಿಷ. ಆ ಬಿಳಿ ಗೋಡೆಯೇ ಆಸ್ಪತ್ರೆಯ ಹಿಂದಿನ ಗೋಡೆ. ಅವಳಿಗೆ ಥ್ಯಾಂಕ್ಯೂ ಎನ್ನಲು ಬಾಯಿ ಬರಲಿಲ್ಲ.

ವಾರ್ಡಿಗೆ ಓಡಿದಾಗ ಎಂಟಕ್ಕೆ ಐದು ನಿಮಿಷ. ಮಂಚ ಖಾಲಿಯಿತ್ತು. ದಿಂಬಿನ ಮೇಲೆ ತಲೆಯಿಟ್ಟ ತಗ್ಗು ಇನ್ನೂ ಹಾಗೇ ಇತ್ತು. ನರ್ಸಮ್ಮ ನನ್ನನ್ನು ನೋಡಿ ಬಾಗಿಲ ಕಡೆ ಕೈ ಮಾಡಿದಳು, ಆಮೇಲೆ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ನಲವತ್ತು ವಾಕ್ಯದಲ್ಲಿ ಅದೂ ಇರಲಿಲ್ಲ.

ನೋಟ್‌ಬುಕ್ಕನ್ನು ಟ್ರಂಕಿನ ತಳಕ್ಕೆ ತಳ್ಳಿದ್ದೇನೆ. ಕಣ್ಣಿಗೆ ಬಿದ್ದರೆ ಅನ್ನದಲ್ಲಿ ಕೂದಲು ಸಿಕ್ಕ ಹಾಗಾಗುತ್ತದೆ. ಬೀದಿಯಲ್ಲಿ ಯಾರಾದರೂ ಥ್ಯಾಂಕ್ಯೂ ಎಂದರೂ ಅವರ ಬಾಯಲ್ಲಿ ನನ್ನದೇ ಹಲ್ಲು ಕಾಣುತ್ತದೆ. ಈಗ ಎಲ್ಲಿಗೆ ಹೋದರೂ ಚೀಟಿ ಮುಂದೆ ಹಿಡಿದು ಮೂಗಿಯಂತೆ ನಿಲ್ಲುತ್ತೇನೆ. ಜನ ದಾರಿ ತೋರಿಸುತ್ತಾರೆ.

ಇನ್ನು ಹತ್ತು ದಿನಕ್ಕೆ ಬಿಡುತ್ತಾರಂತೆ. ಅವನಿಗೆ ಮುಂದೆ ಗುಂಡಿ ಹಾಕುವ ಎರಡು ಅಂಗಿ ಹೊಲಿಯಬೇಕು, ಕುತ್ತಿಗೆ ಅಗಲಕ್ಕಿರಲಿ. ನನ್ನ ಮೆಷಿನ್ನಿಗೆ ಎಣ್ಣೆ ಬಿಟ್ಟಿಡು. ಪುಟ್ಟಿ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ನಿನ್ನೆ ಸ್ಲೇಟು ಕೊಟ್ಟು, "ಅವತ್ತೇನೋ ಹೇಳ್ತೀನಿ ಅಂದಿದ್ದೆಯಲ್ಲೋ, ಈಗ ಬರಿ" ಎಂದೆ. ಸ್ಲೇಟಿನಲ್ಲಿದ್ದದ್ದನ್ನು ಅಂಗೈಯಿಂದ ಒರೆಸಿದ. ಆಮೇಲೆ ಬರೆದ: 'ಹೇಳೋದೇನೂ ಇರಲಿಲ್ಲ. ನಿನ್ನನ್ನ ಒಂದ್ಸಲ ಕರೀಬೇಕಿತ್ತು, ನೀನು ಓ ಅನ್ನೋದು ಕೇಳಬೇಕಿತ್ತು. ಬಸ್ಸು ಬಿಡೋ ಮುಂಚೆ ಮೂರು ಸಲ ಕೂಗ್ತಿದ್ದೆನಲ್ಲ, ಹಾಗೇ ಆಪರೇಷನ್ನಿಗೆ ಒಯ್ಯೋ ಗಾಡಿ ಮೇಲೆ ಮಲಗಿಸಿದಾಗ ಮೂರು ಸಲ ಅಕ್ಕಾ ಅಂತ ಕೂಗಿದೆ. ನರ್ಸಮ್ಮ ಯೆಸ್ ಯೆಸ್ ಅಂದಳು.'