ಹನಿಯಾಳ ಚೀಸ್ ವಾಪಸ್ಸು

ಬತೂಲ್,

ಪಕ್ಕದ ಮನೆಯ ಹನಿಯಾ ಕೊಟ್ಟ ಹಸಿಹಾಲಿನ ಚೀಸ್ ಹಿಂದಿರುಗಿಸಲು ಹೋಗುತ್ತಿದ್ದೇನೆ. ನೀನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ ತುಂಡೂ ಸಿಕ್ಕಿತು, ಕಳ್ಳಿ! ಕಾಯಿಸದ ಹಾಲಿನ ರೋಗಾಣು ಹೊಟ್ಟೆಯೊಳಗಿನ ಮಗುವಿನವರೆಗೂ ಹೋದೀತೆಂದು ಡಾಕ್ಟರಮ್ಮ ಹೇಳಿದ್ದು ಮರೆತೆಯಾ? ಗರ್ಭದೊಳಗೆ ಕಾವಲಿನ ಜೀವಕೋಶಗಳಿವೆಯಂತೆ. ಮಗುವಿಗೆ ನೋವಾಗದಂತೆ ರೋಗಾಣುವನ್ನಷ್ಟೇ ಕೊಲ್ಲುತ್ತವಂತೆ. ಬೆಳಗಿನ ನಿದ್ದೆಯಲ್ಲಿ ಅವು ನನಗೆ ಕಂಡವು: ಬಿಳಿ ಹೊದಿಕೆಯ ಹೆಂಗಸರು, ಮಗು ಎಚ್ಚರಗೊಂಡೀತೆಂದು ಬರಿಗಾಲಲ್ಲಿ ಅದರ ಸುತ್ತ ತೇಲುತ್ತಿದ್ದರು. ಪಾಪ, ಅವರೂ ಒಮ್ಮೊಮ್ಮೆ ಸೋಲುತ್ತಾರಂತೆ. ಅವರಿಗೆ ಕೆಲಸ ಹೆಚ್ಚಿಸಬೇಡ.

ಹರೀರಾ ಸಾರು ಒಲೆಯ ಮೇಲಿದೆ, ಕುದಿಸಿ ಕುಡಿ. ಮೈ ಬಿಸಿಯಾದರೆ ನನಗಾಗಿ ಕಾಯದೆ ಆಸ್ಪತ್ರೆಗೆ ಓಡು.

"ಬಸುರಿ ಬಯಸಿದ್ದು ಕೊಡದಿದ್ರೆ ಕೂಸಿನ ಕೆನ್ನೆ ಮೇಲೆ ಮಚ್ಚೆ ಬೀಳ್ತದೆ ಕಣೇ" ಅನ್ನುತ್ತಾಳೆ ಹನಿಯಾ. ಬೀಳಲಿ. ಮೊದಲ ಮುತ್ತು ಅಲ್ಲೇ ಇಡುತ್ತೇನೆ.

ನಿನ್ನತ್ತೆ ಯಮ್ನಾ