ಅಪ್ಪನ ಕೂಗು

ಧಕ್ಕೆಯ ಮೇಲಿನ ಕಚೇರಿ,
ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ನಮ್ಮ ಮನೆಯಲ್ಲಿ ಮಂಡಿ ಅಂದರೆ ವ್ಯಾಪಾರದ ಮಂಡಿ. ಕಾಲಿನ ಮಂಡಿಯ ಸುದ್ದಿ ಬರೆಯುವವಳು ನೀನೊಬ್ಬಳೇ. ಭಾವನ ಗೊರಕೆ ಕಡಿಮೆಯಾಯಿತೇ, ಇಲ್ಲ ನೀನೇ ಪಕ್ಕದ ಕೋಣೆಗೆ ವಲಸೆ ಹೋದೆಯಾ? ಇಲ್ಲಿ ನಾನು ಕ್ಷೇಮ ಅಂತ ಬರೆಯಬೇಕು. ದೇಹವೇನೋ ಕ್ಷೇಮ. ಮುಖ ಮಾತ್ರ ಯಾರಿಗೂ ತೋರಿಸುವ ಸ್ಥಿತಿಯಲ್ಲಿಲ್ಲ.

ಬಂದರಿನ ಐವತ್ತನೇ ವರ್ಷದ ಸಮಾರಂಭ ಹೋದ ವಾರ ಆಯಿತು. ಸನ್ಮಾನ ಅಪ್ಪನಿಗೆ, ಅಪ್ಪನ ಪರಿಚಯ ಭಾಷಣ ನನ್ನದು. ಕಾಲೇಜು ಓದಿದವನು, ಚೆನ್ನಾಗಿ ಮಾತಾಡುತ್ತಾನೆ ಅಂತ ನಗರಸಭೆಯ ಅಧ್ಯಕ್ಷರು ನನ್ನನ್ನು ವೇದಿಕೆ ಹತ್ತಿಸಿದರು. ಹೇಳಬೇಕಾಗಿದ್ದದ್ದು ಅಮ್ಮ ನಮಗೆ ಹೇಳುತ್ತಿದ್ದ ಆ ಮಂಜಿನ ಕಥೆ. ಇಲ್ಲಿ ಬರೀ ಬಂಡೆಗಳಿದ್ದ ಕಾಲದಲ್ಲಿ ಮಂಜು ಕವಿದರೆ ದೋಣಿಗಳು ದಡ ಕಾಣದೆ ಹೊರಗೇ ನಿಲ್ಲುತ್ತಿದ್ದವಲ್ಲ, ಆಗ ಅಪ್ಪ ತುದಿಯ ಬಂಡೆ ಹತ್ತಿ ಕೂಗುತ್ತಿದ್ದರು: "ಏ ಗಡ್ಡದೋನೇ, ಬಲಕ್ಕೆ ಬಾರೋ! ನೀನಲ್ಲ ಕಣೋ ಕುಂಬಳಕಾಯಿ, ನೀನಲ್ಲೇ ಇರು!" ಆ ದನಿಯ ಜಾಡು ಹಿಡಿದು ದೋಣಿಗಳು ಒಂದೊಂದಾಗಿ ಒಳಗೆ ಬರುತ್ತಿದ್ದವು. ಬಂದ ಸರಕಿಗೆ ಗೋದಾಮು, ಗೋದಾಮಿಗೆ ರಸ್ತೆ, ರಸ್ತೆಗೆ ಅಂಗಡಿಸಾಲು, ಹೀಗೆ ಊರು ಬೆಳೆಯಿತು. ಕೊನೆಗೆ ಹಡಗು ನಿಲ್ಲುವ ಈ ಧಕ್ಕೆಯನ್ನೂ ದೀಪಸ್ತಂಭವನ್ನೂ ಅಪ್ಪನೇ ಮುಂದೆ ನಿಂತು ಕಟ್ಟಿಸಿದರು. ಕೂಗುವುದನ್ನು ಮಾತ್ರ ಬಿಡಲಿಲ್ಲ. ಮೊನ್ನೆ ಮೊನ್ನೆಯವರೆಗೂ ದೊಡ್ಡ ಹಡಗು ಬಂದರೆ ಧಕ್ಕೆಯ ತುದಿಗೆ ಹೋಗಿ "ಬಂದ್ಯೇನೋ, ಊಟ ಆಯ್ತೇನೋ" ಅಂತ ಕೂಗುತ್ತಿದ್ದರು. ಇಸ್ತ್ರಿ ಅಂಗಿಯ ಹಡಗು ಏಜೆಂಟರ ಪಕ್ಕ ನಿಂತ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಅದಕ್ಕೇ ಮೊದಲು ಸ್ವಲ್ಪ ನಗಿಸೋಣ ಅಂದುಕೊಂಡೆ. "ಈ ಊರಿನ ಮೊದಲ ಸೈರನ್ ನನ್ನ ತಂದೆ. ಕಲ್ಲಿದ್ದಲು ಬೇಡ, ಒಂದು ಲೋಟ ಚಹಾ ಸಾಕು. ಆಫ್ ಮಾಡುವ ಸ್ವಿಚ್ ಎಲ್ಲಿದೆ ಅಂತ ನಮ್ಮಮ್ಮನಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ" ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಚಪ್ಪಾಳೆಯ ಅಮಲೇರಿತು. ಅಪ್ಪನ ಹಾಗೆ ಕೈ ಬಾಯಿಗಿಟ್ಟು ಕೂಗಿ ತೋರಿಸಿದೆ. ಇನ್ನೊಂದು ಸಲ ಅಂದರು, ಇನ್ನೊಂದು ಸಲ ಕೂಗಿದೆ. ಅಷ್ಟರಲ್ಲಿ ಸಮಯ ಮುಗಿಯಿತು ಅಂತ ಚೀಟಿ ಬಂತು. ಮಂಜಿನ ಕಥೆ ನನ್ನ ಜೇಬಿನಲ್ಲೇ ಉಳಿಯಿತು. ಮುಂದಿನ ಸಾಲಿನಲ್ಲಿ ಅಪ್ಪನೂ ನಗುತ್ತಿದ್ದರು, ಅಕ್ಕಾ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಅಕ್ಕಪಕ್ಕದವರ ಮುಖ ನೋಡಿಕೊಂಡು. ಅವರ ಸರದಿ ಬಂದಾಗ ಎದ್ದು ಕೈಮುಗಿದು, ಮಾತಾಡದೆ ಕೂತುಬಿಟ್ಟರು.

ಮರುದಿನ ಧಕ್ಕೆಯಲ್ಲಿ ಹಮಾಲರು ನನ್ನ ಅಣಕವನ್ನೇ ಅಣಕಿಸಿ ಕೂಗಿದರು. ಅಪ್ಪ ಅರ್ಧ ದಾರಿಯಿಂದಲೇ ತಿರುಗಿ ಬಂದರು. ಅವತ್ತಿನಿಂದ ಮನೆಯಲ್ಲಿ ನೀರು ಬೇಕಾದರೂ ಕೈಸನ್ನೆ. ಅಡುಗೆಯಮ್ಮ "ಯಜಮಾನರಿಗೆ ಗಂಟಲು ಕೆಟ್ಟಿದೆಯಾ?" ಅಂತ ಕೇಳಿದಳು. ಹೌದು, ಶೀತ ಅಂದೆ. ಪಾಪ, ಅವಳು ಕಷಾಯ ಮಾಡಿಕೊಟ್ಟಳು. ಅಪ್ಪ ನನ್ನ ಮುಖ ನೋಡುತ್ತಾ ಅದನ್ನು ಪೂರ್ತಿ ಕುಡಿದರು.

ಧಕ್ಕೆ ಕಟ್ಟಿದ ತಂದೆಯ ಮಾನಕ್ಕೆ ಧಕ್ಕೆ ತಂದೆ. ನೋಡು, ಈಗಲೂ ನನ್ನ ಬಾಯಿಗೆ ಶ್ಲೇಷೆ ಬರುತ್ತದೆ, ಕ್ಷಮೆ ಬರುವುದಿಲ್ಲ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ ತಮ್ಮ,
ಬಾಯಿಬಡುಕ

ಮರೆತಿದ್ದೆ ಅಂದರೆ ಸುಳ್ಳು, ಬರೆಯಲು ಧೈರ್ಯವಿರಲಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಈಗ ಬರೆಯಲೇಬೇಕು. ಇವತ್ತು ಬೆಳಿಗ್ಗೆ ಅಪ್ಪ ನಿನ್ನೂರಿನ ಹಡಗು ಹತ್ತಿದರು. ಇನ್ನು ಮಗಳ ಮನೆಯಲ್ಲೇ ಇರುತ್ತೇನೆ ಅಂತ ಅಡುಗೆಯಮ್ಮನಿಗೆ ಹೇಳಿದರಂತೆ, ನನಗಲ್ಲ. ಈ ಪತ್ರ ರೈಲಿನಲ್ಲಿ ಬರುವುದರಿಂದ ಅವರಿಗಿಂತ ಮೊದಲೇ ನಿನ್ನ ಕೈ ಸೇರುತ್ತದೆ. ಹಡಗು ಬಿಟ್ಟಾಗ ಅವರು ಕಂಬಿ ಹಿಡಿದು ಈ ಕಡೆಯೇ ನೋಡುತ್ತಿದ್ದರು. ಒಂದು ಸಲ "ಅಪ್ಪಾ" ಅಂತ ಕೂಗಿದ್ದರೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಏಜೆಂಟರಿದ್ದರು. ನಾನು ಕೈ ಮಾತ್ರ ಎತ್ತಿದೆ. ಅವರ ಹಡಗು ಬಂದಾಗ ಅಲ್ಲಿ ನೀನಾದರೂ ಕೂಗಕ್ಕಾ, ಊರೇ ತಿರುಗಿ ನೋಡಲಿ.